ಇನ್ಸುಲಿನ್ ಬಾಟಲಿಯ ಸಣ್ಣಕ್ಷರ

ಇಂದು ಬೆಳಿಗ್ಗೆ ಅಮ್ಮನ ಇನ್ಸುಲಿನ್ ತರಲು ಹೋದವನು ಬಾಟಲಿಯ ಮೇಲಿನ ಬ್ಯಾಚ್ ಸಂಖ್ಯೆಯನ್ನು ಓದುತ್ತಾ ಮೆಡಿಕಲ್ ಶಾಪಿನಲ್ಲೇ ನಿಂತುಬಿಟ್ಟೆ, ಹಿಂದಿದ್ದವರು ಗೊಣಗಿದರು.

ನನಗೆ ನೆನಪಾದವರು ನೈಜೀರಿಯಾದ ಡೋರಾ ಅಕುನ್ಯಿಲಿ. 1988ರಲ್ಲಿ ನಕಲಿ ಇನ್ಸುಲಿನ್‌ಗೆ ತಂಗಿಯನ್ನು ಕಳೆದುಕೊಂಡ ಈ ಔಷಧಶಾಸ್ತ್ರದ ಪ್ರಾಧ್ಯಾಪಕಿ, 2001ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯ ಮುಖ್ಯಸ್ಥರಾಗಿ, ವಶಪಡಿಸಿಕೊಂಡ ನಕಲಿ ಔಷಧಗಳ ರಾಶಿಗಳಿಗೆ ಬಹಿರಂಗವಾಗಿ ಬೆಂಕಿ ಹಚ್ಚಿಸಿದರು. ಆ ನಕಲಿಗಳಲ್ಲಿ ನಮ್ಮ ದೇಶದಿಂದ ಹೋದವೂ ಇದ್ದವು ಎನ್ನುವುದು ನುಂಗಲಾರದ ತುತ್ತು. 2003ರ ಡಿಸೆಂಬರ್‌ನಲ್ಲಿ ಅವರ ಕಾರಿನ ಮೇಲೆ ನಡೆದ ದಾಳಿಯಲ್ಲಿ ಗುಂಡೊಂದು ತಲೆವಸ್ತ್ರವನ್ನು ತೂರಿ, ನೆತ್ತಿಯನ್ನು ಸವರಿಕೊಂಡು ಹೋಯಿತು. ಅಷ್ಟಾದರೂ ಅವರು ಕೆಲಸ ಬಿಡಲಿಲ್ಲ.

2008ರಲ್ಲಿ ಅವರು ವಾರ್ತಾ ಸಚಿವೆಯಾದರು. ಅಧ್ಯಕ್ಷ ಯಾರದುವಾ ಚಿಕಿತ್ಸೆಗೆಂದು ವಿದೇಶದಲ್ಲೇ ಉಳಿದಿದ್ದಾಗ, ಉಪಾಧ್ಯಕ್ಷ ಗುಡ್‌ಲಕ್ ಜೊನಾಥನ್ ಅವರಿಗೆ ಅಧಿಕಾರ ವಹಿಸಬೇಕೆಂದು 2010ರ ಫೆಬ್ರವರಿಯಲ್ಲಿ ಸಂಪುಟಕ್ಕೆ ಲಿಖಿತವಾಗಿ ಹೇಳುವ ಎದೆಗಾರಿಕೆಯನ್ನೂ ತೋರಿದರು.

2014ರ ಜೂನ್‌ನಲ್ಲಿ ಕ್ಯಾನ್ಸರ್‌ನಿಂದ ಅವರು ತೀರಿಕೊಂಡದ್ದು ಭಾರತದ ಆಸ್ಪತ್ರೆಯೊಂದರಲ್ಲಿ. ಮನೆಗೆ ಬಂದು ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡುವ ಮೊದಲು ಅದರ ಸಣ್ಣಕ್ಷರಗಳನ್ನು ಮತ್ತೊಮ್ಮೆ ಓದಿದೆ.