ಪೈಲಟ್ ಆದವಳು ಅಷ್ಟು ದೂರ ಯಾಕೆ ಮನೆ ಮಾಡಿದೆ?

"ಬಸವನಗುಡಿಯಲ್ಲಿ ನಮ್ಮದೇ ಮೇಲಿನ ಪೋರ್ಷನ್ ಖಾಲಿ ಇದೆ. ಯಲಹಂಕದಲ್ಲಿ ಸುಮ್ನೆ ಬಾಡಿಗೆ ಯಾಕಮ್ಮ ಕಟ್ಟುತ್ತೀಯ?" ಇದು ನಮ್ಮತ್ತೆಯ ಪ್ರಶ್ನೆ. ಹೊಸದಾಗಿ ಬೆಂಗಳೂರು ಬೇಸ್ (ಡ್ಯೂಟಿ ಶುರುವಾಗುವ ಊರು) ಸಿಕ್ಕ ಕೋ-ಪೈಲಟ್‌ಗಳದ್ದೂ ಹೆಚ್ಚುಕಡಿಮೆ ಇದೇ: "ಮೇಡಂ, ಮನೆ ಎಲ್ಲಿ ಮಾಡೋದು?" ಎಲ್ಲರಿಗೂ ನಾನು ಹೇಳುವುದು ಒಂದೇ. ಮೊದಲು ನಿದ್ದೆಯ ಲೆಕ್ಕ ಹಾಕಿ, ಆಮೇಲೆ ಬಾಡಿಗೆಯದು.

2008ರ ಮೇ ತನಕ ವಿಮಾನಗಳು ಹಾರುತ್ತಿದ್ದದ್ದು ಹಳೇ ಎಚ್‌ಎಎಲ್ ನಿಲ್ದಾಣದಿಂದ. ಇಂದಿರಾನಗರ, ದೊಮ್ಮಲೂರಿನಲ್ಲಿ ಇದ್ದವರಿಗೆ ಅದು ಪಕ್ಕದಲ್ಲೇ. ನಿಲ್ದಾಣ ದೇವನಹಳ್ಳಿಗೆ ಹೋದ ಮೇಲೆ ಲೆಕ್ಕವೇ ಬದಲಾಯಿತು. ಬೆಳಗಿನ 5.30ರ ಫ್ಲೈಟ್ ಅಂದರೆ 4.30ರ ಸುಮಾರಿಗೆ ರಿಪೋರ್ಟಿಂಗ್. ಬಸವನಗುಡಿಯಲ್ಲಿದ್ದರೆ ಕ್ಯಾಬ್ 3 ಗಂಟೆಗೇ ಬಾಗಿಲಲ್ಲಿ ನಿಲ್ಲಬೇಕು. ನಾವು 2 ಗಂಟೆಗೆ ಏಳಬೇಕು. ಯಲಹಂಕದಲ್ಲಾದರೆ ಮುಕ್ಕಾಲು ಗಂಟೆ ಜಾಸ್ತಿ ಮಲಗಬಹುದು. ಮುಕ್ಕಾಲು ಗಂಟೆ ಏನು ಮಹಾ ಅನ್ನಬೇಡಿ. ರಾತ್ರಿ 8ಕ್ಕೆ ಹಾಸಿಗೆ ಸೇರಿದರೂ ನಿದ್ದೆ ಹತ್ತುವುದು 10ಕ್ಕೆ. ಸಿಗುವ ನಾಲ್ಕು ಗಂಟೆಯಲ್ಲಿ ಅದು ದೊಡ್ಡ ಪಾಲೇ. ಇನ್ನು ಸಂಜೆ ಇಳಿದು ಮನೆಗೆ ಹೊರಟರೆ ಹೆಬ್ಬಾಳದ ಫ್ಲೈಓವರ್ ಕಥೆ ನಿಮಗೇ ಗೊತ್ತು. ಯಲಹಂಕದವರು ಹೆಬ್ಬಾಳ ಮುಟ್ಟುವ ಮೊದಲೇ ತಿರುಗಿಕೊಳ್ಳುತ್ತಾರೆ.

ಕೆಲವರು ಇನ್ನೂ ಮುಂದೆ ಹೋಗಿ, "ಮಂಗಳೂರಲ್ಲೇ ಇದ್ದು ಡ್ಯೂಟಿಗೆ ವಿಮಾನದಲ್ಲೇ ಬರಬಹುದಲ್ವಾ, ಮನೆ ಖರ್ಚೂ ಉಳಿಯುತ್ತೆ" ಅನ್ನುತ್ತಾರೆ. ಅಮೆರಿಕದಲ್ಲಿ ಬಹಳ ಪೈಲಟ್‌ಗಳು ಮಾಡುವುದು ಇದನ್ನೇ. ನ್ಯೂಯಾರ್ಕ್‌ನಂಥ ದುಬಾರಿ ಬೇಸ್ ಬಿಟ್ಟು ಅಗ್ಗದ ಊರಲ್ಲಿ ಸಂಸಾರ ಇಡುತ್ತಾರೆ. ಬೇರೆ ವಿಮಾನದ ಖಾಲಿ ಸೀಟಿನಲ್ಲಿ ಕೂತು ಡ್ಯೂಟಿಗೆ ಬರುತ್ತಾರೆ. ನಿಲ್ದಾಣದ ಹತ್ತಿರ ಹಲವರು ಸೇರಿ ಬಾಡಿಗೆಗೆ ಹಿಡಿದ ಮನೆಯ ಬಂಕ್ ಬೆಡ್‌ಗಳಲ್ಲಿ ಮಲಗುತ್ತಾರೆ. ಅದಕ್ಕೆ ಕ್ರ್ಯಾಶ್ ಪ್ಯಾಡ್ ಅಂತ ಹೆಸರು.

ಇದರ ಅಪಾಯ ಏನು ಅಂತ ಒಂದು ಅಪಘಾತ ತೋರಿಸಿತು. 2009ರ ಫೆಬ್ರುವರಿ 12ರಂದು ನ್ಯೂಯಾರ್ಕ್ ಪಕ್ಕದ ನ್ಯೂಆರ್ಕ್‌ನಿಂದ ಬಫಲೋಗೆ ಹೊರಟ ಕೋಲ್ಗನ್ ಏರ್ ಕಂಪನಿಯ 3407 ವಿಮಾನ ಮನೆಯೊಂದರ ಮೇಲೆ ಬಿತ್ತು. 50 ಜನ ಸತ್ತರು. ಸಹ ಪೈಲಟ್ ಸಿಯಾಟಲ್ ಹತ್ತಿರ ತಂದೆತಾಯಿಯ ಮನೆಯಲ್ಲಿ ಇದ್ದವರು. ಹಿಂದಿನ ರಾತ್ರಿಯಿಡೀ ದೇಶದ ಆ ತುದಿಯಿಂದ ಈ ತುದಿಗೆ ವಿಮಾನದಲ್ಲಿ ಬಂದಿದ್ದರು. ಕ್ಯಾಪ್ಟನ್ ಮನೆ ಫ್ಲೋರಿಡಾದಲ್ಲಿ. ಅವರು ರಾತ್ರಿ ಕಳೆದದ್ದು ನಿಲ್ದಾಣದ ಕ್ರೂ ರೂಮಿನಲ್ಲಿ. ಸ್ಟಾಲ್ (ರೆಕ್ಕೆಗಳು ವಿಮಾನವನ್ನು ಎತ್ತಿ ಹಿಡಿಯಲಾಗದ ಸ್ಥಿತಿ) ಆಗುವ ಎಚ್ಚರಿಕೆ ಬಂದಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಅಪಘಾತಕ್ಕೆ ಕಾರಣ ಎಂದು ತನಿಖೆ ಹೇಳಿತು. ಇಬ್ಬರ ಕೆಲಸದ ಮೇಲೂ ದಣಿವಿನ ಪರಿಣಾಮ ಆಗಿರಬಹುದು ಎಂದೂ ಹೇಳಿತು. ಆ ವರದಿ ಓದಿದವರಿಗೆ, ಪೈಲಟ್ ಎಲ್ಲಿ ಮನೆ ಮಾಡುತ್ತಾನೆ ಅನ್ನುವುದು ಅವನೊಬ್ಬನ ಸ್ವಂತ ವಿಷಯ ಅಂತ ಅನ್ನಿಸುವುದೇ ಇಲ್ಲ. ಹಿಂದೆ ಕೂತವರಿಗೂ ಅದರಲ್ಲಿ ಪಾಲಿದೆ.

ಹತ್ತಿರ ಇದ್ದರಷ್ಟೇ ಸಾಲದು. ಬ್ರೋಕರ್‌ಗಳು ಮನೆ ತೋರಿಸುವುದು ಸಂಜೆ. ನೀವು ಬೆಳಗ್ಗೆ 11ಕ್ಕೆ ಹೋಗಿ, ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಸುಮ್ಮನೆ ನಿಲ್ಲಿ. ರಾತ್ರಿ ಫ್ಲೈಟ್ ಮುಗಿಸಿ ಬಂದವರಿಗೆ ಅದೇ ಮಧ್ಯರಾತ್ರಿ. ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿದೆಯಾ, ಟೈಲ್ಸ್ ಕೊಯ್ಯುವ ಸದ್ದು ಇದೆಯಾ, ತರಕಾರಿ ಗಾಡಿಯ ಮೈಕ್ ಎಷ್ಟು ಜೋರು, ಬಿಸಿಲು ಎಲ್ಲಿ ಬೀಳುತ್ತೆ, ಎಲ್ಲ ಆಗ ಗೊತ್ತಾಗುತ್ತೆ. ನೀರಿನ ವಿಷಯವನ್ನೂ ಕೇಳಿ. ಆ ಕಡೆ ಟ್ಯಾಂಕರ್ ನಂಬಿದ ಮನೆಗಳು ಬಹಳ. ಬಾಡಿಗೆ ಕಡಿಮೆ ಅಂತ ಹೋದರೆ ಟ್ಯಾಂಕರ್‌ಗೇ ಅಷ್ಟೂ ಹೋಗುತ್ತೆ.

ಇದರಲ್ಲಿ ಕಳೆದುಕೊಳ್ಳುವುದೂ ಇದೆ. ನನ್ನ ಗಂಡನ ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಇಡೀ ಊರು ದಾಟಿ ಹೋಗುತ್ತಾರೆ, ಬರುತ್ತಾರೆ. ಅತ್ತೆಯ ಕೈ ಅಡುಗೆ, ಗಾಂಧಿ ಬಜಾರ್ ಎರಡೂ ರಜೆಯ ದಿನಕ್ಕೆ ಮಾತ್ರ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಸದ್ಯಕ್ಕೆ ಇದೇ ಸರಿ ಅಂತ ನನ್ನ ನಂಬಿಕೆ.

ಹಾಗಿದ್ದರೆ ಅಲ್ಲೇ ಫ್ಲ್ಯಾಟ್ ಕೊಂಡುಬಿಡೋದಲ್ವಾ ಅಂತ ಮುಂದಿನ ಪ್ರಶ್ನೆ. ಹೊಸಬರಿಗೆ ನಾನು ಬೇಡ ಅನ್ನುತ್ತೇನೆ. ತರಬೇತಿಯ ಸಾಲವೇ ತಲೆ ಮೇಲಿರುತ್ತದೆ. ಕ್ಯಾಪ್ಟನ್ ಆದಾಗ ಬೇಸ್ ದೆಹಲಿಯೋ ಕೋಲ್ಕತ್ತವೋ ಆಗಬಹುದು. ಮೆಡಿಕಲ್‌ನಲ್ಲಿ ಫೇಲಾದರೆ ಹಾರಾಟವೇ ನಿಲ್ಲುತ್ತದೆ. ಕಂಪನಿಗಳೂ ಅಷ್ಟೇ. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದವು. ಸಂಬಳದ ದೊಡ್ಡ ಭಾಗ ಹಾರಿದ ಗಂಟೆಗಳ ಮೇಲೆ ಬರುವಂಥದ್ದಾದರೆ, ಅದನ್ನು ನಂಬಿ ಇಎಂಐ ಕಟ್ಟಬೇಡಿ. ಕೊಳ್ಳಲೇಬೇಕು ಅಂದರೆ ಖಚಿತವಾಗಿ ಬರುವ ಮೊತ್ತದ ಮೇಲಷ್ಟೇ ಲೆಕ್ಕ ಹಾಕಿ. ಬಾಡಿಗೆಯಾದರೆ, ಬೇಸ್ ಬದಲಾದಾಗ ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು ಅಂತ ಕರಾರಿನಲ್ಲಿ ಮೊದಲೇ ಬರೆಸಿಕೊಳ್ಳಿ. ಅಡ್ವಾನ್ಸ್ ಕೊಡುವ ಮುಂಚೆ ಕೇಳಿದರೆ ಓನರ್‌ಗಳು ಸಾಮಾನ್ಯವಾಗಿ ಒಪ್ಪುತ್ತಾರೆ.