ಕೆರೆಯ ನೀರಗಂಟಿ, ಕಡಲ ಬಂದರು ಕಚೇರಿ: ತುಮಕೂರಿನಿಂದ ಕ್ರೊಯೇಷಿಯಾಕ್ಕೆ

ಕೆರೆ ತುಂಬಿದ್ದರೂ ತೂಬು ಎತ್ತುವುದು ನೀರಗಂಟಿಯ ಕೆಲಸ. ತುಮಕೂರು ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕ್ರೊಯೇಷಿಯಾದ ಕಡಲಿನಲ್ಲಿ ಬಾಡಿಗೆ ಹಾಯಿದೋಣಿ ಹಿಡಿದು ವಾರ ಸುತ್ತುವವರಿಗೆ ಬಂದರು ಕಚೇರಿಯೇ ನೀರಗಂಟಿ.

ನಿಯಮಗಳು ಊರಲ್ಲಿ ಚೀಲ ಕಟ್ಟುವಾಗಲೇ ಶುರು. ತಿಪಟೂರಿನ ಒಣಕೊಬ್ಬರಿ ವಿಮಾನ ಹತ್ತುವುದಿಲ್ಲ: ಎಣ್ಣೆಯಂಶದಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ಸರಕು ಅದು. ಹಸಿ ತೆಂಗಿನಕಾಯಿಗೆ ಐರೋಪ್ಯ ಒಕ್ಕೂಟದ ಸಸ್ಯ ತಪಾಸಣಾ ಪ್ರಮಾಣಪತ್ರವೂ ಬೇಡ. ತುಪ್ಪ, ಪೇಡಾ ಒಯ್ಯುವಂತಿಲ್ಲ, ಹಾಲಿನ ಪದಾರ್ಥಕ್ಕೆ ಒಕ್ಕೂಟದ ಗಡಿಯಲ್ಲೇ ತಡೆ. ಕರಿಬೇವಿನ ಹಸಿ ಎಲೆಯನ್ನೂ ಒಯ್ಯಬೇಡಿ. ರಾಗಿಹಿಟ್ಟು, ಹುರಿಹಿಟ್ಟು, ಚಟ್ನಿಪುಡಿ ಸಾಕು. ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ದಾರಿ ಹಿಡಿದರೆ ಬೆಂಗಳೂರಿನ ಸಂಚಾರಕ್ಕೆ ಸಿಕ್ಕದೆ ವಿಮಾನ ನಿಲ್ದಾಣ ಮುಟ್ಟಬಹುದು.

2023ರ ಜನವರಿ 1ರಿಂದ ಕ್ರೊಯೇಷಿಯಾ ಷೆಂಗೆನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಐರೋಪ್ಯ ದೇಶಗಳ ಗುಂಪಿನಲ್ಲಿ. ದೋಣಿಯಲ್ಲಿ ಪಕ್ಕದ ಮಾಂಟೆನೆಗ್ರೊಗೆ ಹೋದರೆ ವಲಯದಿಂದ ಹೊರಬಿದ್ದಂತೆ. ಒಂದೇ ಪ್ರವೇಶದ ವೀಸಾ ಇದ್ದವರಿಗೆ ಮರಳಿ ಬರಲಾಗದು. ದೋಣಿ ನಡೆಸುವವರ ಬಳಿ ಅಲ್ಲಿ ಒಪ್ಪುವ ನಾವಿಕ ಪರವಾನಗಿ ಮತ್ತು ರೇಡಿಯೊ ಪ್ರಮಾಣಪತ್ರ ಎರಡೂ ಇರಬೇಕು. ಇಲ್ಲದಿದ್ದರೆ ಸ್ಥಳೀಯ ಸ್ಕಿಪ್ಪರ್‌ನನ್ನು ಗೊತ್ತುಮಾಡಿಕೊಳ್ಳುವುದೇ ಒಳ್ಳೆಯದು, ಇದರಲ್ಲಿ ಅವಮಾನವೇನಿಲ್ಲ. ಸಿಬ್ಬಂದಿ ಪಟ್ಟಿಯಲ್ಲಿ ದೋಣಿಯಲ್ಲಿರುವ ಪ್ರತಿಯೊಬ್ಬರ ಹೆಸರಿರಬೇಕು. ನಡುವೆ ಯಾರಾದರೂ ಇಳಿದರೆ, ಹತ್ತಿದರೆ ಪಟ್ಟಿ ತಿದ್ದಿಸಬೇಕು. ವಿದೇಶಿ ಧ್ವಜದ ಸ್ವಂತ ದೋಣಿಯವರಿಗೆ ಕಾಗದ ಇನ್ನೂ ಹೆಚ್ಚು: ಷೆಂಗೆನ್ ಹೊರಗಿಂದ ಬಂದವರು ಹತ್ತಿರದ ದಾರಿಯಲ್ಲಿ ನೇರ ಪ್ರವೇಶ ಬಂದರಿಗೇ ಹೋಗಿ ಪಾಸ್‌ಪೋರ್ಟ್ ತೋರಿಸಿ, ಶುಲ್ಕ ಕಟ್ಟಬೇಕು. ನಡುವೆ ಯಾವ ಕೊಲ್ಲಿಯಲ್ಲೂ ನಿಲ್ಲುವಂತಿಲ್ಲ.

ಬಾಡಿಗೆ ದೋಣಿಗಳು ಸಾಮಾನ್ಯವಾಗಿ ಶನಿವಾರ ಸಂಜೆ ಸ್ಪ್ಲಿಟ್ ಬಂದರಿನಿಂದ ಸಿಗುತ್ತವೆ. ಭಾನುವಾರ ಬೆಳಿಗ್ಗೆ ಹೊರಟು ಮೂವತ್ತರ ಆಸುಪಾಸು ನಾಟಿಕಲ್ ಮೈಲಿ ಹೋದರೆ ವಿಸ್ ದ್ವೀಪ. ಸೇನೆಯ ನೆಲೆಯಾಗಿದ್ದ ಅಲ್ಲಿಗೆ 1989ರವರೆಗೆ ವಿದೇಶಿಯರಿಗೆ ಪ್ರವೇಶವಿರಲಿಲ್ಲ. ಬಂದರಿನಲ್ಲಿ ಬಾಯ್ ಎಂಬ ತೇಲುಗುಂಡಿಗೆ ಹಗ್ಗ ಕಟ್ಟಿದ ಸ್ವಲ್ಪ ಹೊತ್ತಿಗೇ ಸಣ್ಣ ದೋಣಿಯಲ್ಲಿ ಶುಲ್ಕ ವಸೂಲಿಗೆ ಬರುತ್ತಾರೆ. ರಸೀದಿ ಕೇಳಿ ಪಡೆಯಿರಿ.

ಲಂಗರು ಹಾಕುವಲ್ಲೇ ಹೆಚ್ಚು ತಪ್ಪಾಗುವುದು. ಮುಂಭಾಗದಲ್ಲಿ ನಿಂತು ನೀರನ್ನು ನೋಡಿ: ತಿಳಿಬಣ್ಣ ಮರಳು, ಕಪ್ಪು ತೇಪೆ ಪೊಸಿಡೋನಿಯಾ ಎಂಬ ಕಡಲ ಹುಲ್ಲು. ಆ ಹುಲ್ಲೇ ಮೀನು ಮರಿಗಳ ತೊಟ್ಟಿಲು. ಸರಪಳಿ ಒಮ್ಮೆ ಉತ್ತರೆ ಮತ್ತೆ ಚಿಗುರಲು ಬಹಳ ವರ್ಷ ಬೇಕು. ದೋಣಿಗೂ ಅದು ಕ್ಷೇಮವಲ್ಲ. ಲಂಗರಿನ ಹಲ್ಲು ಬುಡಕ್ಕಿಳಿಯದೆ ಹುಲ್ಲಿನ ಮೇಲೆ ಜಾರುತ್ತದೆ, ರಾತ್ರಿ ಈಶಾನ್ಯದ ಬುರಾ ಗಾಳಿ ಎದ್ದರೆ ದೋಣಿ ಬಂಡೆಯ ಕಡೆ ಸಾಗುತ್ತದೆ. ಆಳ 6 ಮೀಟರ್, ನೀರಿನಿಂದ ದೋಣಿಯ ಮೂತಿಯ ಎತ್ತರ 1 ಮೀಟರ್ ಎಂದಾದರೆ ಒಟ್ಟು 7. ಅದರ ಐದು ಪಟ್ಟು, 35 ಮೀಟರ್ ಸರಪಳಿ ಬಿಡಿ. ಎಂಜಿನ್ ಹಿಂದಕ್ಕೆ ಹಾಕಿ ಎಳೆದು ನೋಡಿ, ದಡದ ಎರಡು ಗುರುತುಗಳು ಜಾಗ ಬದಲಿಸದಿದ್ದರೆ ಲಂಗರು ಕಚ್ಚಿದೆ. ಲಂಗರು ಹಾಕಿದ್ದೇವೆ ಎಂಬ ಗುರುತಿಗೆ ಹಗಲಲ್ಲಿ ಕಪ್ಪು ಚೆಂಡು, ಕತ್ತಲಾದ ಮೇಲೆ ಬಿಳಿ ದೀಪ.

ಕೊಲ್ಲಿಯಲ್ಲಿರುವಾಗ ಶೌಚದ ತೊಟ್ಟಿಯ ಕವಾಟ ಮುಚ್ಚಿಯೇ ಇರಲಿ. ಕಾಗದ ಹಾಕಿದರೆ ಪಂಪು ಕಟ್ಟಿಕೊಳ್ಳುತ್ತದೆ. ಆಮೇಲೆ ಅದನ್ನು ಬಿಚ್ಚುವುದು ಕೈಯಾರೆ. ನೀರಡಿ ಕಾಣುವ ದೊಡ್ಡ ಪಿನ್ನಾ ಚಿಪ್ಪು ಸಂರಕ್ಷಿತ ಜೀವಿ, ಕೀಳಬಾರದು.

ವಿಸ್ ದ್ವೀಪದ ಕೊಮಿಜಾ ಊರಿಗೆ ಹತ್ತಿರದ ಬಿಶೆವೊ ದ್ವೀಪದ ನೀಲಿ ಗವಿಗೆ ಸ್ವಂತ ದೋಣಿ ಒಯ್ಯುವಂತಿಲ್ಲ. ಟಿಕೆಟ್ ಪಡೆದು ಅಲ್ಲಿನ ಪುಟ್ಟ ದೋಣಿಯಲ್ಲೇ ತಲೆ ತಗ್ಗಿಸಿ ಒಳಹೋಗಬೇಕು. ಒಳಗೆ ಈಜಾಡುವಂತಿಲ್ಲ. ಕೊರ್ನಾಟಿ ರಾಷ್ಟ್ರೀಯ ಉದ್ಯಾನಕ್ಕೆ ತಿರುಗುವವರು ಟಿಕೆಟ್ ಮುಂಚೆಯೇ ಕೊಳ್ಳಲಿ. ಉದ್ಯಾನದೊಳಗೆ ಬಂದ ಮೇಲೆ ದರ ಹೆಚ್ಚು.

ತೊಂದರೆಗೆ ದೋಣಿಯ ರೇಡಿಯೊ ವಿಎಚ್‌ಎಫ್‌ನ ಚಾನೆಲ್ 16, ದೂರವಾಣಿ 195. ಆಗ್ನೇಯದ ಜೂಗೊ ಗಾಳಿಯ ಮುನ್ಸೂಚನೆ ಇದ್ದರೆ ಮರಳುವುದನ್ನು ಗುರುವಾರಕ್ಕೇ ತನ್ನಿ. ಶುಕ್ರವಾರ ಮಧ್ಯಾಹ್ನ ಸ್ಪ್ಲಿಟ್‌ನ ಡೀಸೆಲ್ ಪಂಪಿನ ಮುಂದೆ ಸಾಲು ಉದ್ದ. ಡೀಸೆಲ್ ತೊಟ್ಟಿ ತುಂಬಿಸಿದ ರಸೀದಿ ಇಟ್ಟುಕೊಳ್ಳಿ, ಮುಳುಗುಗಾರ ದೋಣಿಯ ತಳ ನೋಡಿ ಬಂದ ಮೇಲಷ್ಟೇ ಠೇವಣಿ ಕೈಗೆ ಬರುತ್ತದೆ.