ಸ್ಟಾರ್ಟಿಂಗ್ ಲೈನ್ ಕೊಡಲ್ಲ

"ಇಂಗ್ಲಿಷಿನಲ್ಲಿ ಒಳ್ಳೆ ಎಸ್ಸೆ ಬರೆಯೋದು ಹೇಗೆ ಮೇಡಂ?"

ಶಿಡ್ಲಘಟ್ಟದಲ್ಲಿ ನಾನು ಹೈಸ್ಕೂಲು ಮಕ್ಕಳಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಹದಿನಾಲ್ಕು ವರ್ಷ ಆಯಿತು. ಈ ಪ್ರಶ್ನೆಯನ್ನು ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದಾರೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಿದ್ದಾಗ ಕೇಳಿದ್ದಾರೆ. ರೇಷ್ಮೆ ಗೂಡಿನ ಮಾರ್ಕೆಟ್ ಹತ್ತಿರ ಬೈಕು ಅಡ್ಡ ನಿಲ್ಲಿಸಿ ಕೇಳಿದ್ದಾರೆ. ಕೆಲವರದು ಇನ್ನೂ ಚಿಕ್ಕ ಬೇಡಿಕೆ. "ಒಂದು ಸ್ಟಾರ್ಟಿಂಗ್ ಲೈನ್ ಕೊಡಿ ಸಾಕು, ಮಿಕ್ಕಿದ್ದು ಅವನೇ ಬರ್ಕೋತಾನೆ."

ಕೊಡಲ್ಲ. ಇಷ್ಟು ವರ್ಷ ನಗುನಗುತ್ತಾ "ನೋಡೋಣ" ಅಂದಿದ್ದೇನೆ. ಇನ್ನು ಅನ್ನೋದಿಲ್ಲ.

ಆ ಲೈನ್ ಯಾವುದು ಅಂತ ನನಗೆ ಗೊತ್ತು. "ಇಟ್ ವಾಸ್ ಎ ಬ್ರೈಟ್ ಸನ್ನಿ ಡೇ." ಒಬ್ಬ ಹುಡುಗ ಮಳೆಯಲ್ಲಿ ಕೆರೆ ಏರಿ ಮೇಲೆ ಸಿಕ್ಕಿಹಾಕಿಕೊಂಡ ಕಥೆಯನ್ನೂ ಅದರಿಂದಲೇ ಶುರು ಮಾಡಿದ್ದ. ಮೊದಲ ಸಾಲಿನಲ್ಲಿ ಬಿಸಿಲು, ಎರಡನೇ ಸಾಲಿನಲ್ಲಿ ನೆಂದು ತೊಪ್ಪೆ. ತಪ್ಪು ಅವನದಲ್ಲ. ಸಾಲು ಕೊಟ್ಟವರದು.

ನರೇಟಿವ್ ಎಸ್ಸೆ ಅಂದರೆ ದೊಡ್ಡ ವಿಷಯ ಏನಲ್ಲ. ನಿಮಗೆ ನಡೆದ ಒಂದು ಸಂಗತಿಯನ್ನು, ಓದುವವರು ಪಕ್ಕದಲ್ಲೇ ನಿಂತು ನೋಡಿದ ಹಾಗೆ ಹೇಳೋದು. ಒಂದೇ ಸಂಗತಿ. ಇಡೀ ಟ್ರಿಪ್ ಅಲ್ಲ, ಇಡೀ ಬೇಸಿಗೆ ರಜೆ ಅಲ್ಲ. ಎಸ್ಸೆ ಅನ್ನುವ ಹೆಸರು ಫ್ರೆಂಚಿನಿಂದ ಬಂದದ್ದು. 1580ರಲ್ಲಿ ಮೊಂಟೇನ್ ಅನ್ನುವವನು ತನ್ನ ಬರಹಗಳಿಗೆ ಆ ಹೆಸರಿಟ್ಟ. ಪ್ರಯತ್ನ ಅಂತ ಅರ್ಥ. ಪ್ರಯತ್ನವನ್ನು ಗೈಡಿನಿಂದ ಬಾಯಿಪಾಠ ಮಾಡೋದು ಹೇಗೆ, ನೀವೇ ಹೇಳಿ.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಅವಳನ್ನೂ ಮನೆಯವರನ್ನೂ ಕೇಳಿಯೇ ಬರೆಯುತ್ತಿದ್ದೇನೆ. "ಮರೆಯಲಾಗದ ಒಂದು ದಿನ" ಅಂತ ವಿಷಯ ಕೊಟ್ಟಿದ್ದೆ. ಊಟಿ ಪ್ರವಾಸ ಬರೆದು ತಂದಳು. ಸ್ಪೆಲಿಂಗ್ ತಪ್ಪಿಲ್ಲ, ಅಕ್ಷರ ಮುದ್ದಾಗಿದೆ.

"ಊಟಿಗೆ ಯಾವಾಗ ಹೋಗಿದ್ದೆ?"

"ಹೋಗಿಲ್ಲ ಮಿಸ್. ನಂದಿ ಬೆಟ್ಟಕ್ಕೂ ಹೋಗಿಲ್ಲ. ಗೈಡಲ್ಲಿ ಊಟಿ ಇತ್ತು."

ಪುಸ್ತಕ ಮುಚ್ಚಿಸಿ, ಸುಮ್ನೆ ಮಾತಾಡು ಅಂದೆ. ಅವರ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ತೆಲುಗಿನಲ್ಲೇ ಹೇಳಿದಳು. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಬೇರೆ ಶೆಡ್ ಇಲ್ಲ, ನಡುಮನೆಯಲ್ಲೇ ತಟ್ಟೆಗಳು. ಹುಳು ಇರುವಷ್ಟು ದಿನ ಸೊಳ್ಳೆ ಬತ್ತಿ ಹಚ್ಚೋ ಹಾಗಿಲ್ಲ, ಆ ಹೊಗೆಗೆ ಹುಳು ಸಾಯುತ್ತವೆ. ರಾತ್ರಿಯೆಲ್ಲ ಸೊಳ್ಳೆ ಕಚ್ಚುತ್ತೆ, ತಡ್ಕೋಬೇಕು. ಹುಳು ಪೊರೆ ಬಿಡೋದಕ್ಕೆ ಜ್ವರ ಅಂತಾರೆ. ನಾಲ್ಕನೇ ಜ್ವರ ಎದ್ದು ಹುಳು ಜೋರಾಗಿ ಸೊಪ್ಪು ತಿನ್ನುತ್ತಿದ್ದ ಸಮಯ. ಬೆಳಿಗ್ಗೆ ಅವಳಿಗೆ ಪರೀಕ್ಷೆ. ಅಕ್ಕ ಹೊರಳಾಡೋದು ನೋಡಿ ಎಂಟು ವರ್ಷದ ತಮ್ಮ ಮೆಲ್ಲಗೆ ಎದ್ದು ಎಲ್ಲೋ ಇದ್ದ ಒಂದು ಬತ್ತಿ ಹಚ್ಚಿದ. ಅವಳಿಗೆ ವಾಸನೆ ಬಂತು. ನಿದ್ದೆಗಣ್ಣು. ಹಾಯಾಗಿತ್ತು. ಏಳಲಿಲ್ಲ.

ಬೆಳಿಗ್ಗೆ ಎರಡು ತಟ್ಟೆಯ ಹುಳು ತಲೆ ಆಡಿಸುತ್ತಾ ಹಸಿರು ನೀರು ಕಕ್ಕುತ್ತಿದ್ದವು. ಎಷ್ಟೋ ಆಗಲೇ ಸತ್ತಿದ್ದವು. ಅವಳು ಉಳಿದ ಬತ್ತಿಯನ್ನು ತಿಪ್ಪೆಗೆ ಎಸೆದು ಪರೀಕ್ಷೆಗೆ ಹೋದಳು. ಅಪ್ಪ, ಪಕ್ಕದ ತೋಟದವರು ಟೊಮೆಟೊಗೆ ಹೊಡೆದ ಔಷಧಿ ಗಾಳಿಗೆ ಸೊಪ್ಪಿನ ಮೇಲೆ ಬಂದಿದೆ ಅಂತ ಜಗಳಕ್ಕೆ ಹೋದರು. ಎರಡು ಮನೆಗೂ ಮಾತು ನಿಂತಿತು. ಅವಳು ಯಾರಿಗೂ ಹೇಳಲಿಲ್ಲ.

ಇಂಥದ್ದನ್ನು ಒಳಗೆ ಇಟ್ಟುಕೊಂಡಿದ್ದ ಹುಡುಗಿಗೆ ನಾವು ಊಟಿ ಕೊಟ್ಟಿದ್ದೆವು. ನನಗೆ ಅವತ್ತು ನಿಜವಾಗಿ ಸಿಟ್ಟು ಬಂತು. ಈಗಲೂ ಇದೆ.

ಇನ್ನು ಹೇಗೆ ಅನ್ನೋದಕ್ಕೆ ಬರುತ್ತೇನೆ. ಮೊದಲು ಕನ್ನಡದಲ್ಲಿ ಬರಿ ಅಂದೆ. "ತಮ್ಮ ಎದ್ದು, ಬತ್ತಿ ತಗೊಂಡು, ಹಚ್ಚಿ, ಬಾಗಿಲ ಹತ್ತಿರ ಇಟ್ಟು, ಬಂದು ಮಲಗಿಬಿಟ್ಟ" ಅಂತ ಬರೆದಳು. ನಮ್ಮ ಭಾಷೆಗೆ ಇದು ಚೆಂದ. ಎದ್ದು, ಹಚ್ಚಿ, ಇಟ್ಟು ಅಂತ ಮಣಿ ಪೋಣಿಸಿದ ಹಾಗೆ ಹೋಗಿ ಕೊನೆಯಲ್ಲಿ ಒಂದೇ ಕಡೆ ಗಂಟು ಹಾಕುತ್ತೇವೆ. ಇಂಗ್ಲಿಷಿಗೆ ಹಾಗೇ ಎತ್ತಿಟ್ಟರೆ ದಾರ ಸಿಕ್ಕಾಗುತ್ತೆ. ಅಲ್ಲಿ ಬಿಡಿಸಬೇಕು. ಹಿ ಗಾಟ್ ಅಪ್. ಹಿ ಲಿಟ್ ಎ ಕಾಯಿಲ್. ಹಿ ಪುಟ್ ದ ಕಾಯಿಲ್ ನಿಯರ್ ದ ಡೋರ್. ಎಲ್ಲೆಡೆ ಹೀಗೇ ಕತ್ತರಿಸಬೇಕು ಅಂತಲ್ಲ. ಎದೆ ಹೊಡೆದುಕೊಳ್ಳುವ ಕಡೆ ಕತ್ತರಿಸಿ, ಮಿಕ್ಕ ಕಡೆ ಜೋಡಿಸಿ. "ಮಲಗಿಬಿಟ್ಟ" ಅನ್ನುವಾಗ ಆ "ಬಿಟ್ಟ"ದಲ್ಲಿ ಇರೋದಕ್ಕೆ ಇಂಗ್ಲಿಷಿನಲ್ಲಿ ಒಂದು ಪದ ಇಲ್ಲ. ಅರ್ಧ ಗಂಟೆ ಹುಡುಕಿದೆವು. ಕೊನೆಗೆ ಅವಳೇ "ಹಿ ಸ್ಲೆಪ್ಟ್" ಅಂತ ಎರಡೇ ಪದದ ವಾಕ್ಯ ಬೇರೆ ಸಾಲಿನಲ್ಲಿ ಇಟ್ಟಳು. ಸರಿಹೋಯಿತು.

"ಎ" ಮತ್ತು "ದ" ಬಗ್ಗೆ ಮಕ್ಕಳನ್ನು ಹೆದರಿಸಿ ಇಟ್ಟಿದ್ದಾರೆ. ಕಥೆಯಲ್ಲಿ ಒಂದು ವಸ್ತು ಮೊದಲ ಸಲ ಬಂದಾಗ "ಒಂದು ಬತ್ತಿ", ಆಮೇಲೆ "ಆ ಬತ್ತಿ". ಬಹುಪಾಲು ಅಷ್ಟೇ. "ಹ್ಯಾಡ್" ಕೂಡ ಹೊಸದಲ್ಲ. ಅಪ್ಪ ಎದ್ದಾಗ ಹುಳು ಸತ್ತವು ಅಂದರೆ ಎದ್ದ ಮೇಲೆ ಸತ್ತವು. ಸತ್ತಿದ್ದವು ಅಂದರೆ ಅವರು ಏಳೋ ಮುಂಚೆಯೇ. ಡೈಡ್, ಹ್ಯಾಡ್ ಡೈಡ್. ಮಗುವಿಗೆ ಇದು ಆಗಲೇ ಬರುತ್ತೆ. ಬರುತ್ತೆ ಅಂತ ಯಾರೂ ಅವಳಿಗೆ ಹೇಳಿರಲಿಲ್ಲ, ಅಷ್ಟೇ.

ಮನೆಯಲ್ಲಿ ಇಂಗ್ಲಿಷ್ ಮಾತಾಡದಿದ್ದರೆ ಬರಲ್ಲ ಅನ್ನುವವರಿಗೂ ಒಂದು ಮಾತು. ಮಾಸ್ತಿಯವರು ಇಲ್ಲೇ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದವರು. ಮನೆಮಾತು ತಮಿಳು, 1914ರಲ್ಲಿ ಎಂ.ಎ. ಮಾಡಿದ್ದು ಇಂಗ್ಲಿಷಿನಲ್ಲಿ, ಕಥೆ ಬರೆದದ್ದು ಕನ್ನಡದಲ್ಲಿ. ನಮ್ಮ ಕಡೆಯ ಮಕ್ಕಳಿಗೆ ಮೂರು ಭಾಷೆ ಹೊರೆ ಅಲ್ಲ. ಒಂದರಲ್ಲಿ ಹೇಳಿ, ಇನ್ನೊಂದರಲ್ಲಿ ಬರೆದು, ಮೂರನೆಯದಕ್ಕೆ ಸಾಗಿಸಲಿ. ಏನು ನಷ್ಟ?

ಸಂಭಾಷಣೆಗೆ ಕೋಟ್ ಹಾಕೋದು, ಮಾತಾಡುವವರು ಬದಲಾದರೆ ಹೊಸ ಪ್ಯಾರಾ ಮಾಡೋದು, ಇವೆಲ್ಲ ಒಂದು ಸಂಜೆಯ ಕೆಲಸ. ಅದಕ್ಕೆ ನನ್ನನ್ನು ಬೈಕ್ ಅಡ್ಡ ನಿಲ್ಲಿಸಿ ಕೇಳಬೇಕಿಲ್ಲ.

ನನಗೆ ಬೇರೆ ಪ್ರಶ್ನೆ ಬೇಕು. ಹದಿನಾಲ್ಕು ವರ್ಷದಲ್ಲಿ ಎಷ್ಟು ಮಾರ್ಕ್ಸ್ ಬರುತ್ತೆ ಅಂತ ಕೇಳಿದ್ದಾರೆ, ಎಷ್ಟು ಪುಟ ಇರಬೇಕು ಅಂತ ಕೇಳಿದ್ದಾರೆ. "ನಮ್ಮ ಮಗಳು ಏನು ಬರೆದಿದ್ದಾಳೆ?" ಅಂತ ಕೇಳಿದವರನ್ನು ಒಂದು ಕೈಯಲ್ಲಿ ಎಣಿಸಬಹುದು. ಓದುವವರು ಇದ್ದಾರೆ ಅಂತ ಗೊತ್ತಾದರೆ ಮಗು ಬರೆಯುತ್ತೆ. ಇಲ್ಲ ಅಂದರೆ ಊಟಿಗೆ ಹೋಗುತ್ತೆ.

ಆ ಹುಡುಗಿಯ ಅಪ್ಪ ಕೇಳಿದರು. ಫೀಸು ಕೊಡೋಕೆ ಬಂದಿದ್ದರು. ಅವಳ ನೋಟ್‌ಬುಕ್ ಮೇಜಿನ ಮೇಲಿತ್ತು. ಅವರಿಗೆ ಇಂಗ್ಲಿಷ್ ಓದೋಕೆ ಬರಲ್ಲ. ಪುಟ ತಿರುಗಿಸಿ, "ಏನ್ ಬರ್ದಿದ್ದಾಳೆ ಮೇಡಂ ಇಷ್ಟೊಂದು?" ಅಂದರು. ಅವಳು ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಹೇಳಬೇಕಾದವಳು ನಾನಲ್ಲ.

ಸ್ವಲ್ಪ ಹೊತ್ತು ಬಿಟ್ಟು ಅವಳೇ ಪುಸ್ತಕ ಎತ್ತಿಕೊಂಡಳು. ಒಂದೊಂದೇ ಸಾಲು ಇಂಗ್ಲಿಷಿನಲ್ಲಿ ಓದಿ, ತೆಲುಗಿನಲ್ಲಿ ಹೇಳುತ್ತಾ ಹೋದಳು. ತಿಪ್ಪೆಯ ಹತ್ತಿರ ಬಂದಾಗ ದನಿ ಇಳಿಯಿತು. ನಿಲ್ಲಿಸಲಿಲ್ಲ. ಅಪ್ಪ ಪೂರ್ತಿ ಕೇಳಿದರು. ಬೈಯ್ಯಲಿಲ್ಲ.

"ಯಾವ ಬಾಗಿಲ ಹತ್ತಿರ ಇಟ್ಟಿದ್ದ?" ಅಂದರು.

"ಹಿಂದಿನ ಬಾಗಿಲು."

"ಅದಕ್ಕೇ ಆ ಎರಡು ತಟ್ಟೆ ಮಾತ್ರ," ಅಂದರು.

ಅವಳು ಪೆನ್ಸಿಲ್ ತಗೊಂಡು "ಡೋರ್" ಮುಂದೆ ಒಂದು ಚಿಕ್ಕ ಗುರುತು ಹಾಕಿ, ಮೇಲೆ "ಬ್ಯಾಕ್" ಅಂತ ಸೇರಿಸಿದಳು.